ಚಿತ್ರಕಥೆ ಕಲಿಯುವವರು ಯಾರು, ಯಾವ ಭಾಷೆಯಲ್ಲಿ?

ಸಿನಿಮಾ ಕಲಿಸಿದರೆ ಬರುವ ವಿದ್ಯೆಯಲ್ಲ ಎಂದು ನಮ್ಮ ಚಿತ್ರರಂಗದ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಯಾರ ಸಂದರ್ಶನವನ್ನಾದರೂ ತೆಗೆದು ಓದಿ, 'ನಾನು ಯಾವ ಇನ್‌ಸ್ಟಿಟ್ಯೂಟಿಗೂ ಹೋದವನಲ್ಲ, ಸೆಟ್ಟೇ ನನ್ನ ಶಾಲೆ' ಎಂಬ ಮಾತು ಎಲ್ಲಾದರೊಂದು ಕಡೆ ಸಿಕ್ಕೇ ಸಿಗುತ್ತದೆ. ಕೇಳುವುದಕ್ಕೆ ವಿನಯದ ಮಾತು. ಆದರೆ ಆ ಸೆಟ್ಟಿನ ಬಾಗಿಲು ಯಾರಿಗೆ ತೆರೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಗಾಂಧಿನಗರದಲ್ಲಿ ಸೋದರಮಾವನೋ ಭಾವನೋ ಇದ್ದವನಿಗೆ ಸೆಟ್ಟು ಶಾಲೆಯಾಗುತ್ತದೆ. ಎರಡು ಮೂರು ವರ್ಷ ಸಂಬಳವಿಲ್ಲದೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು ಇರಬಲ್ಲವನಿಗೂ ಆಗಬಹುದು. ಹರಿಹರದ ಗ್ಯಾರೇಜಿನವನ ಮಗನಿಗೆ, ಸಿಂಧನೂರಿನ ಹೊಲಿಗೆಯವಳ ಮಗಳಿಗೆ ಅದು ಶಾಲೆಯಲ್ಲ, ಗೋಡೆ.

ಇನ್ನೊಂದು ಕಡೆ ಅದೇ ಬೆಂಗಳೂರಿನಲ್ಲಿ, ಮುಂಬೈನಲ್ಲಿ, ಚೆನ್ನೈನಲ್ಲಿ ಸಿನಿಮಾ ಕಲಿಸುತ್ತೇವೆಂದು ಬೋರ್ಡು ಹಾಕಿಕೊಂಡ ಖಾಸಗಿ ಸಂಸ್ಥೆಗಳಿವೆ. ನಿರ್ದೇಶನಕ್ಕೊಂದು ಡಿಪ್ಲೊಮಾ, ಚಿತ್ರಕಥೆಗೊಂದು ಸರ್ಟಿಫಿಕೇಟು, ಈಗ ಬಿ.ಎ., ಎಂ.ಎ. ಪದವಿಗಳೂ ಬಂದಿವೆ. ಶುಲ್ಕ ಲಕ್ಷಗಳಲ್ಲಿ. ಇವರು ಹೇಳುವುದು ಹಿರಿಯರ ಮಾತಿಗೆ ಪೂರ್ತಿ ವಿರುದ್ಧ: ಎಲ್ಲವನ್ನೂ ಕಲಿಸಬಹುದು, ದುಡ್ಡು ತನ್ನಿ. ಕಲಿಸಲಾಗದು ಎನ್ನುವವರು ಮತ್ತು ದುಡ್ಡಿಗೆ ಕಲಿಸುತ್ತೇವೆ ಎನ್ನುವವರು ಮೇಲುನೋಟಕ್ಕೆ ಜಗಳವಾಡುತ್ತಿರುವಂತೆ ಕಾಣುತ್ತಾರೆ. ಆದರೆ ಇಬ್ಬರೂ ಹೊರಗಿಡುವುದು ಅದೇ ಗ್ಯಾರೇಜಿನವನ ಮಗನನ್ನು, ಅದೇ ಹೊಲಿಗೆಯವಳ ಮಗಳನ್ನು. ಹೀಗಾಗಿ ಇವರ ಜಗಳ ನನಗೆ ಜಗಳವೆಂದೇ ಅನ್ನಿಸುವುದಿಲ್ಲ.

ಮೊದಲನೆಯವರ ಮಾತನ್ನು ಮೊದಲು ನೋಡೋಣ. ಶಾಲೆಯಿಲ್ಲದೆಯೇ ದೊಡ್ಡ ದೊಡ್ಡವರು ಬಂದರಲ್ಲ ಎನ್ನುತ್ತಾರೆ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಯಾವ ಡಿಗ್ರಿ ಮಾಡಿದ್ದರು? ಡಿಗ್ರಿ ಮಾಡಿರಲಿಲ್ಲ, ನಿಜ. ಆದರೆ ಗುಬ್ಬಿ ಕಂಪನಿಯಲ್ಲಿದ್ದರು. ಅಲ್ಲಿ ಊಟವಿತ್ತು, ಮಲಗಲು ಜಾಗವಿತ್ತು, ದಿನವೂ ಕಿವಿಗೆ ಬೀಳುವ ಮಾತುಗಾರಿಕೆಯಿತ್ತು, ತಪ್ಪಿದರೆ ಬೈಯುವ ಹಿರಿಯರಿದ್ದರು. ಅದು ಶಾಲೆಯಲ್ಲದೆ ಮತ್ತೇನು? ಉರ್ದುವಿನ ಕಡೆಗೆ ಬನ್ನಿ. ಸಾದತ್ ಹಸನ್ ಮಂಟೋ ಬೊಂಬಾಯಿಯ ಫಿಲ್ಮಿಸ್ತಾನದಲ್ಲಿ ಸಂಬಳಕ್ಕಿದ್ದ ಕಥೆಗಾರ. ರಾಜಿಂದರ್ ಸಿಂಗ್ ಬೇಡಿ, ಇಸ್ಮತ್ ಚುಗ್ತಾಯಿ, ಕ್ರಿಶನ್ ಚಂದರ್ ಎಲ್ಲರೂ ಸ್ಟುಡಿಯೋಗಳ ಅಂಗಳದಲ್ಲಿ ಓಡಾಡಿಕೊಂಡು ಬರೆದವರು. ಸ್ಟುಡಿಯೋಗಳು ತಿಂಗಳ ಸಂಬಳ ಕೊಟ್ಟು ಬರಹಗಾರರನ್ನು ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಕಂಪನಿ ನಾಟಕ ಮುಚ್ಚಿತು, ಸ್ಟುಡಿಯೋ ಪದ್ಧತಿ ಮುರಿದುಬಿತ್ತು. ಕಲಿಯುವವನಿಗೆ ಅನ್ನ ಕೊಟ್ಟು ಕಲಿಸುತ್ತಿದ್ದ ಜಾಗಗಳು ಹೋದವು. ಈಗ ಅವನೇ ದುಡ್ಡು ಕೊಟ್ಟು ಕಲಿಯಬೇಕು, ಇಲ್ಲವೇ ದುಡ್ಡಿಲ್ಲದೆ ದುಡಿದು ಕಲಿಯಬೇಕು. ಈ ಬದಲಾವಣೆಯನ್ನು ಮರೆಮಾಚಿ 'ನಮಗೆ ಯಾರು ಕಲಿಸಿದರು?' ಎಂದು ಕೇಳುವುದು ಅಪ್ರಾಮಾಣಿಕತೆ.

ಇನ್ನು ಎರಡನೆಯವರು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯವರು ಸಣ್ಣಕಥೆಯಿಂದ ಚಿತ್ರಕಥೆ ಎಂಬ ವಿಷಯದ ಮೇಲೆ ಎರಡು ದಿನ ಮಾತಾಡಲು ನನ್ನನ್ನು ಕರೆದಿದ್ದರು. ವಿದ್ಯಾರ್ಥಿಗಳು ಒಳ್ಳೆಯವರು, ಉತ್ಸಾಹಿಗಳು. ಬರೆದದ್ದನ್ನು ತೋರಿಸಿ ಎಂದೆ. ತೋರಿಸಿದರು. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ದೃಶ್ಯದ ವಿವರಣೆ ಇಂಗ್ಲಿಷಿನಲ್ಲಿರಲಿ, ಚಿಂತೆಯಿಲ್ಲ. ಮಾತುಗಳು ಕನ್ನಡದವು, ಆದರೆ ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಹರಪನಹಳ್ಳಿ ಕಡೆಯ ಹುಡುಗನೊಬ್ಬ ತನ್ನ ಅಜ್ಜಿಯ ಬಗ್ಗೆ ಬರೆದಿದ್ದ. ಅಜ್ಜಿ ಸೊಸೆಗೆ ಸಾರಿಗೆ ಹುಳಿ ಹಾಕು ಎನ್ನುತ್ತಾಳೆ. ಅವನು ಬರೆದದ್ದು ಎಚ್-ಯು-ಎಲ್-ಐ. ಅದನ್ನು ಹುಳಿ ಎಂದು ಓದಬೇಕೋ ಹುಲಿ ಎಂದು ಓದಬೇಕೋ? ಇನ್ನೊಂದು ಕಡೆ ಬಿ-ಎ-ಎಲ್-ಇ ಎಂದಿತ್ತು. ಬಲೆಯೋ, ಬಳೆಯೋ, ಬಾಳೆಯೋ, ಬಾಲೆಯೋ? ನಗುತ್ತಲೇ ಕೇಳಿದೆ. ಅವನೂ ನಕ್ಕ. 'ಸಾರ್, ಸಾಫ್ಟ್‌ವೇರು ಕನ್ನಡ ತಗೊಳ್ಳಲ್ಲ. ಅಲ್ದೆ ಪ್ರೊಡ್ಯೂಸರ್ ಓದಲ್ಲ, ಹೀರೋಯಿನ್ನಿಗೆ ಕನ್ನಡ ಬರಲ್ಲ' ಎಂದ. ಮೂರೂ ಕಾರಣಗಳಲ್ಲಿ ಒಂದಾದರೂ ಬರವಣಿಗೆಗೆ ಸಂಬಂಧಿಸಿದ್ದಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಇದು ಬರೀ ಅಕ್ಷರದ ತಕರಾರು ಎಂದು ಯಾರಾದರೂ ಅಂದುಕೊಂಡರೆ ಅದು ಸರಿಯಲ್ಲ. ಬರೆಯುವ ಲಿಪಿ ಕೈಯನ್ನಷ್ಟೇ ಅಲ್ಲ, ಕಿವಿಯನ್ನೂ ಬದಲಿಸುತ್ತದೆ. ಆ ಹುಡುಗನ ಅಜ್ಜಿ ಒಂದು ಪುಟದಲ್ಲಿ ಹರಪನಹಳ್ಳಿಯವಳಂತೆ ಮಾತಾಡುತ್ತಿದ್ದಳು, ಮುಂದಿನ ಪುಟದಲ್ಲಿ ಬೆಂಗಳೂರು ಎಫ್‌ಎಂ ರೇಡಿಯೋದವಳಂತೆ. ಇಂಗ್ಲಿಷಿನಲ್ಲಿ ಯೋಚಿಸಿ, ಕನ್ನಡಕ್ಕೆ ತಂದು, ಮತ್ತೆ ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಷ್ಟರಲ್ಲಿ ಅಜ್ಜಿ ಸತ್ತೇ ಹೋಗಿದ್ದಳು. ಬೊಂಬಾಯಿಯಲ್ಲೂ ಇದೇ ಕಥೆ. ರೋಮನ್ ಲಿಪಿಯ ಸಂಭಾಷಣೆಯಲ್ಲಿ ದೇವರು ಎಂಬ ಅರ್ಥದ ಖುದಾ, ಅಗೆದದ್ದು ಎಂಬ ಅರ್ಥದ ಖುದಾ ಎರಡೂ ಒಂದೇ. ಉರ್ದು ಬಲ್ಲವನಿಗೆ ಅವು ಬೇರೆ ಬೇರೆ ಅಕ್ಷರ, ಬೇರೆ ಬೇರೆ ಗಂಟಲು. ಆದರೆ ಒಂದು ಮಾತು ನೆನಪಿಡಬೇಕು: 1975ರ 'ಶೋಲೆ'ಯನ್ನು ಬರೆದ ಸಲೀಂ-ಜಾವೇದ್ ಜೋಡಿಯ ಜಾವೇದ್ ಅಖ್ತರ್ ಸಂಭಾಷಣೆಗಳನ್ನು ಬರೆಯುತ್ತಿದ್ದುದು ಉರ್ದು ಲಿಪಿಯಲ್ಲಿ. ಸಹಾಯಕನೊಬ್ಬ ಅದನ್ನು ನಾಗರಿಗೆ ಇಳಿಸುತ್ತಿದ್ದ. ನಟನ ಅನುಕೂಲಕ್ಕೆ ಲಿಪಿ ಬದಲಾಯಿಸುವುದು ಗುಮಾಸ್ತನ ಕೆಲಸವಾಗಿತ್ತು. ಈಗ ಅದನ್ನು ಬರಹಗಾರನ ಶಿಕ್ಷಣವನ್ನಾಗಿ ಮಾಡಿಬಿಟ್ಟಿದ್ದೇವೆ, ಅದಕ್ಕೆ ಶುಲ್ಕವನ್ನೂ ವಸೂಲಿ ಮಾಡುತ್ತಿದ್ದೇವೆ.

ಈ ಕೋರ್ಸುಗಳಲ್ಲಿ ಕಲಿಸುವುದೇನು? ಸಿಡ್ ಫೀಲ್ಡ್ ಎಂಬ ಅಮೆರಿಕದವನು 1979ರಲ್ಲಿ ಬರೆದ ಪುಸ್ತಕದ ಮೂರು ಅಂಕಗಳ ಸೂತ್ರ. ಮೂವತ್ತನೇ ಪುಟದ ಹೊತ್ತಿಗೆ ಮೊದಲ ತಿರುವು ಬರಬೇಕು, ಆಮೇಲೆ ಘರ್ಷಣೆ, ಆಮೇಲೆ ಪರಿಹಾರ. ಅದರ ಮೇಲೆ 1997ರಲ್ಲಿ ಬಂದ ರಾಬರ್ಟ್ ಮೆಕ್‌ಕೀಯ ದಪ್ಪ ಪುಸ್ತಕ. ಎರಡನ್ನೂ ಓದಿದ್ದೇನೆ, ಅವುಗಳಿಂದ ಉಪಯೋಗವಿಲ್ಲ ಎಂದು ಹೇಳಲಾರೆ. ಎಲ್ಲಿಯೋ ಹೊರಟು ಎಲ್ಲಿಯೋ ತಪ್ಪಿಸಿಕೊಳ್ಳುವ ನಮ್ಮ ಬಹುಪಾಲು ಕನ್ನಡ ಚಿತ್ರಗಳ ಇಂಟರ್‌ವೆಲ್ ನಂತರದ ಭಾಗ ನೋಡಿದವರಿಗೆ ಸೂತ್ರದ ಬೆಲೆ ಗೊತ್ತಾಗುತ್ತದೆ. ತೊಂದರೆಯೆಂದರೆ ಅದೊಂದೇ ಸೂತ್ರ ಎಂಬಂತೆ ಕಲಿಸುವುದು. ಇಡೀ ರಾತ್ರಿ ನಡೆಯುವ ಯಕ್ಷಗಾನ ಪ್ರಸಂಗಕ್ಕೆ ಒಂದು ಕಟ್ಟಡವಿದೆ. ಕಥೆಯೊಳಗೆ ಕಥೆ ಬಿಚ್ಚುತ್ತಾ ವರ್ಷಗಟ್ಟಲೆ ಕೇಳುಗರನ್ನು ಹಿಡಿದಿಡುತ್ತಿದ್ದ ಉರ್ದು ದಾಸ್ತಾನುಗಳಿಗೆ ಒಂದು ಕಟ್ಟಡವಿದೆ. ಚಿತ್ರಕಥೆಯ ತರಗತಿಯಲ್ಲಿ ಕೂತ ಕರಾವಳಿಯ ಹುಡುಗಿ ಮೇಳದ ಹಿಂದೆ ರಾತ್ರಿ ನಿದ್ದೆಗೆಟ್ಟು ಕಲಿತದ್ದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು ಎಂದರೆ ಅದು ಯಾವ ಶಿಕ್ಷಣ?

ಇಲ್ಲಿ ನಮಗೆ, ಮುಸಲ್ಮಾನ ಓದುಗರಿಗೆ, ಬೇರೆಯದೇ ಒಂದು ನೋವಿದೆ. ಕನ್ನಡ ಸಿನಿಮಾದ ಸಾಬಿ ದಶಕಗಳಿಂದ 'ನಮ್ದುಕೆ ನಿಮ್ದುಕೆ' ಎನ್ನುತ್ತಲೇ ಬಂದಿದ್ದಾನೆ. ಕುರಿ ಕಡಿಯುವವನು, ಮೆಕ್ಯಾನಿಕ್ಕು, ತಾಯತ ಕಟ್ಟುವ ಫಕೀರ, ಈಚೆಗೆ ಬಾಂಬು ಇಡುವವನು. ಯಾರಾದರೂ ನಿಜವಾಗಿ ಹಾಗೆ ಮಾತಾಡುವುದನ್ನು ಕೇಳಿದ್ದೀರಾ? ಕೋಲಾರದ ದಖನಿಯವನ ಕನ್ನಡ ಒಂದು, ಕಲಬುರಗಿಯ ದಖನಿಯವನದು ಇನ್ನೊಂದು. ಭಟ್ಕಳದ ನವಾಯತಿ, ಮಂಗಳೂರಿನ ಬ್ಯಾರಿ ಬೇರೆಯೇ ಭಾಷೆಗಳು. ಮನೆಮಾತೇ ಕನ್ನಡವಾಗಿರುವ ನದಾಫರು, ಪಿಂಜಾರರು ನಮ್ಮಲ್ಲಿ ಎಷ್ಟಿಲ್ಲ? ಇವರನ್ನೆಲ್ಲ ಒಂದೇ ಟೋಪಿಯ ಕೆಳಗೆ ತುರುಕಿ ನಗಿಸುವ ಸಂಭಾಷಣೆ ಬರೆದವನು ದುಷ್ಟನೇ ಆಗಿರಬೇಕೆಂದಿಲ್ಲ. ಅವನಿಗೆ ಗೊತ್ತಿಲ್ಲ, ಅಷ್ಟೆ. ಅವನ ಪಕ್ಕದ ಬೆಂಚಿನಲ್ಲಿ ಕೂತು 'ಇದು ಹಾಗಲ್ಲ ಕಣೋ' ಎಂದು ಹೇಳುವವಳು ಯಾರೂ ಇರಲಿಲ್ಲ. ಸಿನಿಮಾ ಬಂದ ಮೇಲೆ ಥಿಯೇಟರಿನ ಮುಂದೆ ನಿಂತು ಪ್ರತಿಭಟಿಸುವ ನಮ್ಮ ಸಂಘಟನೆಗಳಿಗೆ ನನ್ನ ಪ್ರಶ್ನೆ ಇದು: ಆ ಬೆಂಚಿನಲ್ಲಿ ಕೂರಲು ಎಷ್ಟು ಮಕ್ಕಳನ್ನು ಕಳಿಸಿದ್ದೀರಿ?

ಅರಿತು ಬರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. ಇಸ್ಮತ್ ಚುಗ್ತಾಯಿಯ ಕಥೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆಯಾಗಿಸಿದರು, ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದರು. 1973ರ 'ಗರಂ ಹವಾ'ದಲ್ಲಿ ಆಗ್ರಾದ ಜೋಡು ವ್ಯಾಪಾರಿಯ ಮನೆಯ ಮಾತು ಮನೆಯ ಮಾತೇ ಆಗಿದೆ. ಗಿರೀಶ ಕಾಸರವಳ್ಳಿ ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆಯನ್ನು 'ಹಸೀನಾ' ಮಾಡಿದರು. ವೈದೇಹಿಯವರ ಕಥೆಯಿಂದ 2008ರಲ್ಲಿ 'ಗುಲಾಬಿ ಟಾಕೀಸು' ಮಾಡುವಾಗ ನಾಯಕಿಯನ್ನು ಮುಸ್ಲಿಂ ಸೂಲಗಿತ್ತಿಯನ್ನಾಗಿಸಿಕೊಂಡರು. ಆ ಬಾನು ಮುಷ್ತಾಕರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಸಂಭ್ರಮಿಸಿದವರಲ್ಲಿ ಎಷ್ಟು ಮಂದಿಗೆ 'ಹಸೀನಾ' ನೆನಪಿತ್ತೋ!

ಕಾಸರವಳ್ಳಿ ಕಲಿತದ್ದು ಪುಣೆಯಲ್ಲಿ. ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಸರ್ಕಾರ ಕಟ್ಟಿದ ಸಂಸ್ಥೆ ಅದು. ಅವರ ಡಿಪ್ಲೊಮಾ ಚಿತ್ರ 'ಅವಶೇಷ' ರಾಷ್ಟ್ರಪ್ರಶಸ್ತಿ ಪಡೆಯಿತು, ಬೆನ್ನಿಗೇ 1977ರಲ್ಲಿ 'ಘಟಶ್ರಾದ್ಧ' ಸ್ವರ್ಣಕಮಲ ತಂದಿತು. 1974-75ರಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ನಮ್ಮ ಗಿರೀಶ ಕಾರ್ನಾಡರು. ಓಂ ಪುರಿಯ ಮುಖ ನಾಯಕನಿಗೂ ಸಲ್ಲದು, ಖಳನಿಗೂ ಸಲ್ಲದು ಎಂದು ಆಯ್ಕೆ ಸಮಿತಿಯವರು ಹಿಂಜರಿದಾಗ ಕಾರ್ನಾಡರು ಪಟ್ಟು ಹಿಡಿದು ತೆಗೆದುಕೊಂಡರು ಎನ್ನುವುದು ಈಗ ಎಲ್ಲರಿಗೂ ಗೊತ್ತಿರುವ ಕಥೆ. ಬಡತನದಿಂದ ಬಂದ ಓಂ ಪುರಿಗೆ ಅಲ್ಲಿನ ಶುಲ್ಕ ಕಟ್ಟಲಾಗಿರಲಿಲ್ಲ. ಸಂಸ್ಥೆಗೆ ತಾನಿನ್ನೂ 280 ರೂಪಾಯಿ ಬಾಕಿ ಉಳಿಸಿಕೊಂಡಿದ್ದೇನೆ ಎಂದು ದೊಡ್ಡ ನಟನಾದ ಮೇಲೂ ಹೇಳಿಕೊಂಡು ನಗುತ್ತಿದ್ದರು. ಈ 280 ರೂಪಾಯಿಯನ್ನು ನಾನು ಬಹಳ ಸಲ ನೆನೆಯುತ್ತೇನೆ. ಬಾಕಿ ಉಳಿಸಿಕೊಂಡವನನ್ನೂ ಒಳಗಿಟ್ಟುಕೊಂಡು ಕಲಿಸಿದ ಸಂಸ್ಥೆಯದು. ಇಂದಿನ ಖಾಸಗಿ ಸಂಸ್ಥೆಯಲ್ಲಿ ಎರಡನೇ ಕಂತು ತಪ್ಪಿದ ಹುಡುಗನ ಗುರುತಿನ ಚೀಟಿ ಮರುದಿನ ಗೇಟಿನಲ್ಲಿ ಕೆಲಸ ಮಾಡುವುದಿಲ್ಲ.

ಹಾಗೆಂದು ಸರ್ಕಾರಿ ಸಂಸ್ಥೆಗಳನ್ನು ಹೊಗಳಲು ನಾನು ಕೂತಿಲ್ಲ. ಅಲ್ಲಿನ ವಿದ್ಯಾರ್ಥಿಗಳ ಅನುಭವವೇ ಬೇರೆ ಹೇಳುತ್ತದೆ. ಪುಣೆಯಲ್ಲಿ ಮೂರು ವರ್ಷದ ಕೋರ್ಸು ಐದು, ಆರು ವರ್ಷ ಎಳೆಯುತ್ತಿತ್ತು. 2008ರಲ್ಲಿ ಸೇರಿದವರು 2015ರಲ್ಲೂ ಕ್ಯಾಂಪಸ್ಸಿನಲ್ಲೇ ಇದ್ದರು. 2015ರ ಜೂನ್‌ನಲ್ಲಿ ಗಜೇಂದ್ರ ಚೌಹಾಣರನ್ನು ಅಧ್ಯಕ್ಷರನ್ನಾಗಿ ನೇಮಿಸಿದ್ದನ್ನು ವಿರೋಧಿಸಿ ವಿದ್ಯಾರ್ಥಿಗಳು 139 ದಿನ ಮುಷ್ಕರ ಮಾಡಿದರು. ಆ ಆಗಸ್ಟಿನಲ್ಲಿ 2008ರ ತಂಡದ ಅರೆಬರೆ ಚಿತ್ರಗಳಿಗೆ ಇದ್ದ ಸ್ಥಿತಿಯಲ್ಲೇ ಅಂಕ ಹಾಕಲು ಹೊರಟಾಗ ಗಲಾಟೆಯಾಗಿ, ಮಧ್ಯರಾತ್ರಿ ಪೊಲೀಸರು ಬಂದು ವಿದ್ಯಾರ್ಥಿಗಳನ್ನು ಬಂಧಿಸಿದರು. ಪ್ರಕರಣದಲ್ಲಿ ಹೆಸರಿದ್ದವರಲ್ಲಿ ಪಾಯಲ್ ಕಪಾಡಿಯಾ ಒಬ್ಬರು. 2021ರಲ್ಲಿ ಅವರ 'ಎ ನೈಟ್ ಆಫ್ ನೋಯಿಂಗ್ ನಥಿಂಗ್' ಕಾನ್‌ನಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರದ ಪ್ರಶಸ್ತಿ ಪಡೆಯಿತು. ಬೇರೆ ಜಾತಿಯ ಪ್ರೇಮಿಯಿಂದ ಬೇರ್ಪಟ್ಟ ವಿದ್ಯಾರ್ಥಿನಿಯೊಬ್ಬಳ ಪತ್ರಗಳ ಮೂಲಕ ಆ ಮುಷ್ಕರದ ದಿನಗಳನ್ನು ಅದು ಹೇಳುತ್ತದೆ. 2024ರಲ್ಲಿ ಅದೇ ಕಾನ್‌ನಲ್ಲಿ ಅವರಿಗೆ ಗ್ರಾಂಡ್ ಪ್ರೀ ಬಂದಾಗ, ನಮ್ಮ ಹಳೆಯ ವಿದ್ಯಾರ್ಥಿನಿ ಎಂದು ಸಂಸ್ಥೆ ಹೆಮ್ಮೆಪಟ್ಟಿತು.

2019ರ ಡಿಸೆಂಬರ್‌ನಲ್ಲಿ ಅಲ್ಲಿನ ವಿದ್ಯಾರ್ಥಿಗಳು ಉಪವಾಸ ಕೂತದ್ದು ಬೇರೊಂದು ಕಾರಣಕ್ಕೆ. ವರ್ಷ ವರ್ಷವೂ ಶೇಕಡಾ 10ರಂತೆ ಏರುತ್ತಿದ್ದ ಶುಲ್ಕ, ಹತ್ತು ಸಾವಿರ ರೂಪಾಯಿವರೆಗೆ ಹೋಗಿದ್ದ ಪ್ರವೇಶ ಪರೀಕ್ಷೆಯ ಅರ್ಜಿ ಹಣ. ಪರೀಕ್ಷೆ ಬರೆಯುವುದಕ್ಕೇ ಹತ್ತು ಸಾವಿರ! ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲದ ಪರೀಕ್ಷೆಗೆ ಇಷ್ಟು ದುಡ್ಡು ಹಾಕುವ ಧೈರ್ಯ ಯಾವ ಮನೆಯಲ್ಲಿರುತ್ತದೆ? ಓಂ ಪುರಿ ಇಂದು ಅರ್ಜಿ ಹಾಕುತ್ತಿರಲಿಲ್ಲ. ಅಲ್ಲಿಗೆ ಆಯ್ಕೆ ಸಮಿತಿಯ ಕೆಲಸವೂ ಸುಲಭವಾಯಿತು.

ಕೇರಳದ್ದು ಇನ್ನೂ ಕಹಿ. ದಲಿತ ರಾಷ್ಟ್ರಪತಿಯ ಹೆಸರಿಟ್ಟುಕೊಂಡ ಕೆ.ಆರ್. ನಾರಾಯಣನ್ ಸಂಸ್ಥೆಯಲ್ಲಿ 2022ರ ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳು ಮುಷ್ಕರಕ್ಕಿಳಿದರು. ಪ್ರವೇಶದಲ್ಲಿ ಮೀಸಲಾತಿ ಪಾಲಿಸುತ್ತಿಲ್ಲ, ಜಾತಿ ತಾರತಮ್ಯ ನಡೆಯುತ್ತಿದೆ, ಸಂಸ್ಥೆಯ ಸ್ವಚ್ಛತಾ ಕೆಲಸದ ಹೆಂಗಸರಿಂದ ನಿರ್ದೇಶಕರ ಮನೆಗೆಲಸ ಮಾಡಿಸಲಾಗುತ್ತಿದೆ ಎಂಬುದು ಅವರ ಆರೋಪ. ನಿರ್ದೇಶಕರು ರಾಜೀನಾಮೆ ಕೊಟ್ಟ ಮೇಲೆ ಮುಷ್ಕರ ಮುಗಿಯಿತು. ಅವರ ಪರ ನಿಂತಿದ್ದ ಸಂಸ್ಥೆಯ ಅಧ್ಯಕ್ಷ ಅಡೂರ್ ಗೋಪಾಲಕೃಷ್ಣನ್ 2023ರ ಜನವರಿ ಕೊನೆಯಲ್ಲಿ ತಾವೂ ಹೊರಬಂದರು. ಅಡೂರ್ ದೊಡ್ಡ ನಿರ್ದೇಶಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ 1962ರಲ್ಲಿ ಸರ್ಕಾರಿ ನೌಕರಿ ಬಿಟ್ಟು ಪುಣೆಗೆ ಹೋಗಿ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಚಿತ್ರಕಥೆ, ನಿರ್ದೇಶನ ಕಲಿತವರು ಅವರು. ಸಾರ್ವಜನಿಕ ದುಡ್ಡಿನಲ್ಲಿ ಕಲಿತವರಿಗೇ ಸಾರ್ವಜನಿಕ ಶಾಲೆಯ ಹಿಂದಿನ ಬೆಂಚಿನವರ ದೂರು ಕೇಳಿಸದಿದ್ದರೆ ಇನ್ನಾರಿಗೆ ಕೇಳಿಸಬೇಕು?

ಇಷ್ಟೆಲ್ಲ ಹೇಳಿದ ಮೇಲೂ ಸರ್ಕಾರಿ ಶಾಲೆಯೇ ಬೇಕು ಎಂದು ವಾದಿಸುತ್ತಿದ್ದೇನೆ. ಕಾರಣ ಸರಳ. ಅಲ್ಲಿ ಮುಷ್ಕರ ಮಾಡಬಹುದು. ಪ್ರಶ್ನೆ ಕೇಳುವ ಹಕ್ಕು ಇದೆ, ಮೀಸಲಾತಿ ಇದೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಖಾಸಗಿ ಸಂಸ್ಥೆಯ ವಿದ್ಯಾರ್ಥಿ ಗಿರಾಕಿ, ಅವನ ಅಸಮಾಧಾನಕ್ಕೆ ಇರುವುದು ಹೊರಬಾಗಿಲು ಮಾತ್ರ.

ಇನ್ನೂ ಒಂದು ಕಾರಣವಿದೆ. ಚಿದಾನಂದ ನಾಯ್ಕ್ ಮೈಸೂರಿನಲ್ಲಿ ವೈದ್ಯಕೀಯ ಓದಿದ ಹುಡುಗ. ಪುಣೆಯ ಸಂಸ್ಥೆಯ ಟೆಲಿವಿಷನ್ ವಿಭಾಗದಲ್ಲಿ ಒಂದು ವರ್ಷದ ಕೋರ್ಸಿಗೆ ಸೇರಿದರು. ಮೂರು ವರ್ಷದ ಪ್ರತಿಷ್ಠಿತ ನಿರ್ದೇಶನದ ಕೋರ್ಸು ಕೂಡ ಅಲ್ಲ ಅದು. ಹುಂಜ ಕೂಗದೆ ಬೆಳಗಾಗದು ಎಂಬ ಅಜ್ಜಿಯ ಜನಪದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದನ್ನೇ ಇಟ್ಟುಕೊಂಡು, ನಾಲ್ಕೇ ದಿನದಲ್ಲಿ ಚಿತ್ರೀಕರಿಸಿ, ಹದಿನಾರು ನಿಮಿಷದ ಕಿರುಚಿತ್ರ ಮಾಡಿದರು. ಕನ್ನಡದಲ್ಲಿ. 2024ರಲ್ಲಿ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. 'ಪ್ರೊಡ್ಯೂಸರ್ ಓದಲ್ಲ' ಎಂದ ನನ್ನ ಹರಪನಹಳ್ಳಿಯ ಹುಡುಗನಿಗೆ ಈ ಸುದ್ದಿ ಮುಟ್ಟಿತೋ ಇಲ್ಲವೋ. ಅಜ್ಜಿಯರು ಇಬ್ಬರಲ್ಲೂ ಇದ್ದರು. ಒಬ್ಬನ ಅಜ್ಜಿ ತನ್ನ ಮಾತಿನಲ್ಲೇ ಮಾತಾಡಿದಳು. ನಮ್ಮ ಭಾಷೆಯ ಜಾನಪದಕ್ಕೆ ಜಾಗ ಕೊಟ್ಟ ಶಾಲೆ ಮಹಾರಾಷ್ಟ್ರದಲ್ಲಿತ್ತು ಎಂಬುದಕ್ಕೆ ನಾವು ಸಂತೋಷಪಡಬೇಕೋ ನಾಚಬೇಕೋ?

ಪುಣೆಗೆ ಹೋಗಬಲ್ಲವರು ಎಷ್ಟು ಮಂದಿ? ನನಗೆ ಗೊತ್ತಿರುವ ಒಬ್ಬ ಹುಡುಗಿ ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ, ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎ. ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು ಕಂಟ್ರಾಕ್ಟರನಿಗೆ ಕಾಯುತ್ತಾ ಆಡುವ ಮಾತುಗಳನ್ನು ಆರು ಪುಟದ ದೃಶ್ಯವಾಗಿ ಬರೆದು ತಂದಿದ್ದಳು. ಅರ್ಧ ದಖನಿ, ಅರ್ಧ ಕನ್ನಡ. ಕಂಟ್ರಾಕ್ಟರ್ ಕೊನೆಗೂ ಬರುವುದಿಲ್ಲ. ಎಲೆ ತೋಯಿಸಿಟ್ಟ ಒದ್ದೆ ಬಟ್ಟೆ ಒಣಗುತ್ತದೆ, ಅಷ್ಟೇ ಕಥೆ. ಮೂವತ್ತನೇ ಪುಟದ ತಿರುವು ಗಿರುವು ಏನೂ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಎಲ್ಲಾದರೂ ಕ್ರಮವಾಗಿ ಕಲಿಯಬಹುದೇ ಎಂದು ಕೇಳಿದಳು. ಪುಣೆಯ ವಿಷಯ ಹೇಳಿದೆ. ಈ ಶತಮಾನದ ಮೊದಲ ದಶಕದಲ್ಲಿ ಅಂಜುಮ್ ರಾಜಾಬಲಿ ಅಲ್ಲಿ ಚಿತ್ರಕಥೆಗೇ ಪ್ರತ್ಯೇಕವಾಗಿ ಒಂದು ವರ್ಷದ ಕೋರ್ಸು ರೂಪಿಸಿದ್ದನ್ನು ಹೇಳಿದೆ. ಪರೀಕ್ಷೆ ಯಾವ ಭಾಷೆಯಲ್ಲಿ ಎಂದಳು. ಇಂಗ್ಲಿಷ್, ಇಲ್ಲವೇ ಹಿಂದಿ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ನಾನು ಎರಡರಲ್ಲಿ ಯಾವುದ್ರಲ್ಲಿ ಫೇಲಾಗ್ಲಿ, ಚಿಚ್ಚಾ?' ಎಂದಳು.

ನಮ್ಮ ಸಮುದಾಯದ ಹಿರಿಯರು ಇಲ್ಲಿ ಕೆಮ್ಮುತ್ತಾರೆ ಎಂದು ಗೊತ್ತು. ಸಿನಿಮಾ ನಮ್ಮ ಮಕ್ಕಳಿಗೆ ಹೇಳಿಸಿದ ವಿದ್ಯೆಯಲ್ಲ ಎನ್ನುತ್ತಾರೆ. ಅದೇ ಮನೆಗಳಲ್ಲಿ ಇಶಾ ನಮಾಜಿನ ನಂತರ ಧಾರಾವಾಹಿ ಓಡುತ್ತಿರುತ್ತದೆ, ಅದನ್ನು ಬರೆದವನು ಯಾರೆಂದು ಯಾರೂ ಕೇಳುವುದಿಲ್ಲ. ನೋಡುವುದು ತಪ್ಪಲ್ಲ, ಬರೆಯುವುದು ತಪ್ಪು ಎನ್ನುವ ಫತ್ವಾ ಯಾವ ಕಿತಾಬಿನಲ್ಲಿದೆ? ಇಂಜಿನಿಯರಿಂಗಿಗೆ, ಫಾರ್ಮಸಿಗೆ ವಿದ್ಯಾರ್ಥಿವೇತನ ಕೊಡುವ ನಮ್ಮ ಟ್ರಸ್ಟುಗಳು ಬರವಣಿಗೆ ಕಲಿಯುವವಳ ಅರ್ಜಿಯನ್ನು ಪಕ್ಕಕ್ಕಿಡುತ್ತವೆ. ಕೆಲಸ ಸಿಗುತ್ತದೆಯೇ ಎಂದು ಕೇಳುತ್ತವೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೂ ಉತ್ತರ ಹೇಳಬೇಕು.

ಕನ್ನಡ ಸಿನಿಮಾದ ಟೈಟಲ್ ಕಾರ್ಡು ನೋಡಿ: ಕಥೆ-ಚಿತ್ರಕಥೆ-ಸಂಭಾಷಣೆ-ನಿರ್ದೇಶನ, ನಾಲ್ಕಕ್ಕೂ ಒಂದೇ ಹೆಸರು. ನಾಲ್ಕೂ ಒಬ್ಬನೇ ಮಾಡಿದ ಎಂದಲ್ಲ. ರಾತ್ರಿಯೆಲ್ಲ ಲಾಡ್ಜಿನಲ್ಲಿ ಕೂತು ಬರೆದವರಿಗೆ ಊಟ ಮತ್ತು ಬಸ್ ಛಾರ್ಜು ಸಿಕ್ಕಿರುತ್ತದೆ. ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದ್ದಾರೆ ಎಂದು ಸಾರಾ ಅಬೂಬಕ್ಕರ್ 'ಬ್ಯಾರಿ' ಚಿತ್ರದ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2011ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡ ಚಿತ್ರ ಅದು. ಸಾರಾ ಅವರಂಥ ಹೆಸರಾಂತ ಲೇಖಕಿಗೇ ಹೀಗಾದರೆ ಹೆಸರಿಲ್ಲದವರ ಪಾಡೇನು? 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಬರಹಗಾರರಿಗೆ, ಗೀತರಚನೆಕಾರರಿಗೆ ರಾಯಲ್ಟಿಯ ಹಕ್ಕು ಸಿಕ್ಕಿತು, ಅದಕ್ಕಾಗಿ ರಾಜ್ಯಸಭೆಯಲ್ಲಿ ಹೋರಾಡಿದವರು ಜಾವೇದ್ ಅಖ್ತರ್. ಚಿತ್ರಕಥೆಯ ಡಿಪ್ಲೊಮಾ ಹಿಡಿದು ಬಂದ ಎಷ್ಟು ಹುಡುಗರನ್ನು ಕೇಳಿದ್ದೇನೆ, ಈ ತಿದ್ದುಪಡಿಯ ಹೆಸರು ಕೇಳಿದವರು ಸಿಗಲಿಲ್ಲ. ಕರಾರು ಪತ್ರ ಓದುವುದನ್ನು ಕಲಿಸದೆ ಮೂರು ಅಂಕ ಕಲಿಸಿದ ಕೋರ್ಸು ಯಾರ ಸೇವೆ ಮಾಡುತ್ತಿದೆ? ಕೆಲಸ ಸಿಗುತ್ತದೆಯೇ ಎಂದರೆ, ಸಿಗುತ್ತದೆ. ಧಾರಾವಾಹಿಗಳಿಗೆ, ಒಟಿಟಿಗಳಿಗೆ ದಿನವೂ ಬರೆಯುವವರು ಬೇಕು. ಸಿಗದಿರುವುದು ಹೆಸರು ಮತ್ತು ಕೂಲಿ. ಅವನ್ನು ಕೇಳಿ ಪಡೆಯುವುದೂ ಪಠ್ಯದ ಭಾಗವಾಗಬೇಕು.

ಹಾಗಾದರೆ ಕರ್ನಾಟಕದಲ್ಲಿ ಏನೂ ಇಲ್ಲವೇ? ಪುಣೆಯ ಸಂಸ್ಥೆ ಹುಟ್ಟುವುದಕ್ಕೆ ಬಹಳ ಮೊದಲೇ, ನಲವತ್ತರ ದಶಕದಲ್ಲೇ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿಸುತ್ತಿದ್ದರು. 'ಪ್ಯಾಸಾ', 'ಕಾಗಜ್ ಕೆ ಫೂಲ್'ಗಳ ಬೆಳಕನ್ನು ಬರೆದ ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದವರು. ಗೋವಿಂದ ನಿಹಲಾನಿಯೂ ಅಲ್ಲಿಯವರೇ. ಅದೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಯಿತು. ಕ್ಯಾಮೆರಾ ಮತ್ತು ಶಬ್ದಕ್ಕೆ ಹೆಸರಾದ ಶಾಲೆ. ಬರೆಯುವವರಿಗೆ ಅದು ಹೆಸರಾಗಲಿಲ್ಲ. ನೋಡುವ ಕಣ್ಣಿಗೆ, ಕೇಳುವ ಕಿವಿಗೆ ಶಾಲೆಯಿತ್ತು, ಮಾತಾಡುವ ಬಾಯಿಗೆ ಇರಲಿಲ್ಲ ಎಂದರೆ ಕಟುವಾಗುತ್ತದೆಯೇನೋ.

ಸರ್ಕಾರದ ಬಳಿ ದುಡ್ಡಿಲ್ಲ ಎನ್ನುವಂತಿಲ್ಲ.

2025ರ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ ಜಾಗ, ಖಾಸಗಿಯವರ ಜೊತೆ ಸೇರಿ 500 ಕೋಟಿ ರೂಪಾಯಿಯ ಯೋಜನೆ ಎಂದು ಹೇಳಲಾಯಿತು. ಚಿತ್ರನಗರಿ ಬರಲಿ, ಸೆಟ್ಟು ಹಾಕುವ ಬಡಗಿಗಳಿಗೆ ಕೆಲಸವಾಗಲಿ. ಆದರೆ ಚಿತ್ರಕಥೆ ಕಲಿಸುವುದಕ್ಕೆ ಎಕರೆ ಬೇಕಿಲ್ಲ. ಒಂದು ಕೋಣೆ, ಒಂದು ಪ್ರೊಜೆಕ್ಟರು, ಇಪ್ಪತ್ತು ವಿದ್ಯಾರ್ಥಿಗಳು, ಅವರಿಗೊಂದು ಹಾಸ್ಟೆಲು, ತಿಂಗಳ ಊಟಕ್ಕಾಗುವಷ್ಟು ವೇತನ. ನೋಡಲು ಸಿನಿಮಾಗಳು, ಓದಲು ಕಥೆಗಳು. ಕನ್ನಡದಲ್ಲಿ ಬರೆದದ್ದನ್ನು ಕನ್ನಡದಲ್ಲೇ ಓದಿ ತಿದ್ದುವ ನಾಲ್ಕು ಮೇಷ್ಟ್ರುಗಳು, ಅವರಲ್ಲಿ ಇಬ್ಬರಾದರೂ ಹೆಂಗಸರು. ಮೊದಲ ವರ್ಷದಲ್ಲೇ ಕರಾರು ಪತ್ರದ ಪಾಠ. ಎರಡನೆಯ ವರ್ಷ ಹೆಸರಘಟ್ಟದ ಕ್ಯಾಮೆರಾ, ಶಬ್ದದ ಹುಡುಗರ ಜೊತೆ ಸೇರಿ ಒಂದೊಂದು ಕಿರುಚಿತ್ರ. ವಾರ್ಷಿಕ ಚಲನಚಿತ್ರ ಪ್ರಶಸ್ತಿ ಸಮಾರಂಭದ ದೀಪ, ಹೂವಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಶುರುವಾದೀತು.

ಪ್ರವೇಶ ಪರೀಕ್ಷೆ ಕನ್ನಡದಲ್ಲಿರಲಿ. ಅರ್ಜಿಗೆ ನೂರು ರೂಪಾಯಿ ಸಾಕು. ಹಾಲ್ ಟಿಕೆಟ್ ರಾಯಚೂರಿನಲ್ಲೂ, ಮಂಗಳೂರಿನಲ್ಲೂ ಪರೀಕ್ಷೆ ಬರೆಯುವಂತಿರಲಿ. ಪ್ರಶ್ನೆಪತ್ರಿಕೆಯಲ್ಲಿ ಸಿಡ್ ಫೀಲ್ಡನ ಹೆಸರು ಬೇಡ. ಮೊದಲ ಪ್ರಶ್ನೆ, ಐವತ್ತು ಅಂಕಕ್ಕೆ: ನಿಮ್ಮ ಬೀದಿಯ ನಲ್ಲಿಯ ಮುಂದೆ ನಡೆಯುವ ಒಂದು ಜಗಳವನ್ನು, ಜಗಳವಾಡುವವರ ಮಾತಿನಲ್ಲೇ ಬರೆಯಿರಿ.